40 ಸಾವಿರಕ್ಕೆ ಡಿಜೆ ಟರ್ನ್‌ಟೇಬಲ್ ಸೆಟ್ ಬರುತ್ತಾ? ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಹೊಸಬರಿಗೆ ಪೂರ್ತಿ ಮಾಹಿತಿ

ಬೆಂಗಳೂರು: ಶನಿವಾರ ರಾತ್ರಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಪಬ್ ಒಳಗೆ ಡಿಜೆ ನಿಂತಿರೋದನ್ನ ನೋಡಿ, ಭಾನುವಾರ ಬೆಳಿಗ್ಗೆ ಮೊಬೈಲ್‌ನಲ್ಲಿ ‘ಟರ್ನ್‌ಟೇಬಲ್ ಬೆಲೆ’ ಅಂತ ಹುಡುಕುವ ಹುಡುಗ-ಹುಡುಗಿಯರು ಈ ಭಾಗದಲ್ಲಿ ಕಮ್ಮಿ ಇಲ್ಲ. ಕೈಯಲ್ಲಿ ಇರೋದು ಮೊದಲ ಕೆಲಸದಲ್ಲಿ ಉಳಿಸಿದ 30-40 ಸಾವಿರ ರೂಪಾಯಿ. ಮನೆಯಲ್ಲಿ ‘ಅದು ಯಾಕೆ ಬೇಕು’ ಅನ್ನುವ ಪ್ರಶ್ನೆ. ಆ ದುಡ್ಡಲ್ಲಿ ತಪ್ಪು ಪೆಟ್ಟಿಗೆ ಬಂದರೆ ಮೂರು ತಿಂಗಳಲ್ಲಿ ಅದು ಅಟ್ಟ ಸೇರುತ್ತೆ, ಜೊತೆಗೆ ಕಲಿಯುವ ಆಸೆಯೂ ಹೋಗುತ್ತೆ. ಅದಕ್ಕೇ ಕೊಳ್ಳುವ ಮುಂಚೆ ಗೊತ್ತಿರಬೇಕಾದ ವಿಷಯಗಳು ಇಲ್ಲಿವೆ.

ಮೊದಲು ಒಂದು ಗೊಂದಲ ಬಿಡಿಸೋಣ

ನಮ್ಮ ಕಡೆ ‘ಡಿಜೆ’ ಅಂದ್ರೆ ಎರಡು ಅರ್ಥ. ಗಣೇಶನ ಮೆರವಣಿಗೆಯಲ್ಲಿ ಲಾರಿ ಮೇಲೆ ಜೋಡಿಸುವ ದೊಡ್ಡ ಬಾಕ್ಸುಗಳ ಸೆಟ್ಟಿಗೂ ಡಿಜೆ ಅಂತಾರೆ, ಹಾಡಿಗೆ ಹಾಡು ಜೋಡಿಸಿ ನುಡಿಸುವ ಕಲಾವಿದರಿಗೂ ಡಿಜೆ ಅಂತಾರೆ. ಟರ್ನ್‌ಟೇಬಲ್ ಬೇಕಾಗೋದು ಎರಡನೆಯವರಿಗೆ. ಸೌಂಡ್ ಸರ್ವಿಸ್ ಶುರು ಮಾಡಬೇಕು ಅನ್ನುವವರಿಗೆ ಬೇಕಾದದ್ದು ಆಂಪ್ಲಿಫೈಯರ್, ಸ್ಪೀಕರ್, ಜನರೇಟರ್. ಆ ಲೆಕ್ಕವೇ ಬೇರೆ.

ಟರ್ನ್‌ಟೇಬಲ್ ಅಂದ್ರೆ ನಮ್ಮ ಹಿರಿಯರು ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದ ಪೆಟ್ಟಿಗೆಯ ವಂಶದ್ದೇ. ತಿರುಗುವ ತಟ್ಟೆ, ಅದರ ಮೇಲೆ ಪ್ಲೇಟು, ಪಕ್ಕದಲ್ಲಿ ಒಂದು ತೋಳು, ತೋಳಿನ ತುದಿಯಲ್ಲಿ ಕಾರ್ಟ್ರಿಡ್ಜ್ ಮತ್ತು ಮುಳ್ಳು. ಮನೆಯಲ್ಲಿ ಹಾಡು ಕೇಳುವ ಪ್ಲೇಯರ್‌ಗೂ ಡಿಜೆ ಟರ್ನ್‌ಟೇಬಲ್‌ಗೂ ಇರುವ ವ್ಯತ್ಯಾಸ ಮೋಟಾರಿನಲ್ಲಿದೆ. ಮನೆಯ ಪ್ಲೇಯರ್‌ನ ತಟ್ಟೆಯನ್ನ ಹಾಡು ಮುಗಿಯುವವರೆಗೆ ಯಾರೂ ಮುಟ್ಟಲ್ಲ. ಡಿಜೆ ಮಾತ್ರ ಪ್ಲೇಟನ್ನ ಕೈಯಿಂದ ಹಿಡಿದು ನಿಲ್ಲಿಸ್ತಾರೆ, ಹಿಂದಕ್ಕೆ ಎಳೆಯುತ್ತಾರೆ, ಬಿಟ್ಟ ಕ್ಷಣಕ್ಕೆ ಅದು ಸರಿಯಾದ ವೇಗದಲ್ಲಿ ಓಡಬೇಕು.

ಇದು ಸಾಧ್ಯ ಆಗಿದ್ದು ‘ಡೈರೆಕ್ಟ್ ಡ್ರೈವ್’ ಮೋಟಾರಿನಿಂದ. ಜಪಾನಿನ ಮಾತ್ಸುಶಿತಾ ಕಂಪನಿ ತನ್ನ ಟೆಕ್ನಿಕ್ಸ್ ಬ್ರ್ಯಾಂಡ್‌ನಲ್ಲಿ ಈ ಮೋಟಾರನ್ನ ಮಾರುಕಟ್ಟೆಗೆ ತಂದಿತು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200, 1979ರಲ್ಲಿ ಬಂದ ಅದರ ‘ಮಾರ್ಕ್ 2’ ಜಗತ್ತಿನ ಡಿಜೆಗಳ ಕೈಗೆ ಒಗ್ಗಿದ ಯಂತ್ರಗಳು. ಅದರ ತಟ್ಟೆ ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರೋಕೆ ಬೇಕಿದ್ದುದು 0.7 ಸೆಕೆಂಡ್ ಮಾತ್ರ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಒಂದು ಮನೆ ಪಾರ್ಟಿಯನ್ನ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಲೆಕ್ಕ ಹಾಕ್ತಾರೆ. ಅದೂ ಕೈಯಲ್ಲಿ ದುಡ್ಡಿಲ್ಲದವರ ಬೀದಿಯೇ.

ನಿಮಗೆ ನಿಜವಾಗಿ ಟರ್ನ್‌ಟೇಬಲ್ ಬೇಕಾ?

ಅಂಗಡಿಯವರು ಕೇಳದ ಪ್ರಶ್ನೆ ಇದು. ಇವತ್ತು ಬಹುತೇಕ ಪಬ್, ಕ್ಲಬ್‌ಗಳಲ್ಲಿ ಇರೋದು ಪೆನ್‌ಡ್ರೈವ್ ಹಾಕಿ ನುಡಿಸುವ ಪ್ಲೇಯರ್‌ಗಳು ಮತ್ತು ಮಿಕ್ಸರ್. ಟರ್ನ್‌ಟೇಬಲ್ ಇರುವ ಜಾಗ ಬೆರಳೆಣಿಕೆ. ಹಾಗಾಗಿ ಗುರಿ ಯಾವುದು ಅನ್ನೋದರ ಮೇಲೆ ಆಯ್ಕೆ ಮಾಡಬೇಕು.

- ಮದುವೆ, ಕಾಲೇಜು ಫೆಸ್ಟ್, ಪಬ್‌ಗಳಲ್ಲಿ ನುಡಿಸಿ ಸಂಪಾದಿಸಬೇಕು ಅನ್ನುವವರಿಗೆ: ಟರ್ನ್‌ಟೇಬಲ್ ಬೇಡ. ಲ್ಯಾಪ್‌ಟಾಪ್‌ಗೆ ಜೋಡಿಸುವ ‘ಕಂಟ್ರೋಲರ್’ ಸಾಕು.
- ಸ್ಕ್ರ್ಯಾಚ್ ಕಲಿಯಬೇಕು, ಹಿಪ್‌ಹಾಪ್ ಹುಚ್ಚು ಅನ್ನುವವರಿಗೆ: ಒಂದು ಒಳ್ಳೆಯ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಮತ್ತು ಒಂದು ಸಣ್ಣ ಮಿಕ್ಸರ್.
- ಪ್ಲೇಟುಗಳನ್ನೇ ಸಂಗ್ರಹಿಸಿ ಪ್ಲೇಟಿನಿಂದಲೇ ನುಡಿಸಬೇಕು ಅನ್ನುವವರಿಗೆ: ಎರಡು ಟರ್ನ್‌ಟೇಬಲ್ ಮತ್ತು ಮಿಕ್ಸರ್. ಮೂರರಲ್ಲಿ ದುಬಾರಿ ದಾರಿ ಇದೇ.
- ಮನೆಯಲ್ಲಿ ಹಾಡು ಕೇಳೋಕೆ ಮಾತ್ರ ಅನ್ನುವವರಿಗೆ: ಡಿಜೆ ಮಾಡೆಲ್‌ಗೆ ದುಡ್ಡು ಹಾಕಬೇಡಿ. ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್‌ನಂತಹ ಬೆಲ್ಟ್ ಪ್ಲೇಯರ್ ಸಾಕು.

ಇನ್ನೂ ಖಾತ್ರಿ ಇಲ್ಲದಿದ್ದರೆ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದೆ. ‘ಮಿಕ್ಸ್’ ಅನ್ನುವ ಉಚಿತ, ಮುಕ್ತ ತಂತ್ರಾಂಶವನ್ನ (ಇಂಗ್ಲಿಷ್‌ನಲ್ಲಿ ಬರೆಯುವಾಗ ಕೊನೆಗೆ ‘ಎಕ್ಸ್’ ಅಕ್ಷರ ಮೂರು ಸಲ ಬರುತ್ತೆ) ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಅದರಲ್ಲೇ ಹಾಡು ಜೋಡಿಸಿ ನೋಡಿ. ತಿಂಗಳ ಕೊನೆಗೂ ಆಸೆ ಉಳಿದಿದ್ದರೆ ಆಗ ಪೇಟೆಗೆ ಹೊರಡಬಹುದು.

ಬಜೆಟ್ ಪ್ರಕಾರ ಏನು ಸಿಗುತ್ತೆ?

ಇವೆಲ್ಲ ಆಮದು ಸಾಮಾನು. ಡಾಲರ್ ದರ, ತೆರಿಗೆ, ಆನ್‌ಲೈನ್ ಸೇಲ್ ಎಲ್ಲ ಸೇರಿ ಬೆಲೆ ಏರಿಳಿಯುತ್ತೆ. ಕೆಳಗಿನದು ಅಂದಾಜು ಲೆಕ್ಕ. ಕೊಳ್ಳುವ ದಿನ ಎರಡು-ಮೂರು ಕಡೆ ದರ ಕೇಳಿ.

*20 ಸಾವಿರದ ಒಳಗೆ*

ಈ ದುಡ್ಡಿಗೆ ಹೊಸ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಬರಲ್ಲ. ಹರ್ಕ್ಯುಲಿಸ್ ಇನ್‌ಪಲ್ಸ್ 200ರಂತಹ ಶುರುವಾತಿನ ಕಂಟ್ರೋಲರ್ ಬರುತ್ತೆ. ಸ್ಕ್ರ್ಯಾಚ್‌ಗೆ ಮಾತ್ರ ಆಸೆ ಇದ್ದರೆ ನ್ಯೂಮಾರ್ಕ್ ಪಿಟಿ01 ಸ್ಕ್ರ್ಯಾಚ್ ಅನ್ನುವ ಕೈಚೀಲದಷ್ಟು ಸಣ್ಣ ಪ್ಲೇಯರ್ ಇದೆ. ಬ್ಯಾಟರಿಯಲ್ಲೂ ಓಡುತ್ತೆ, ಒಳಗೇ ಸ್ಪೀಕರ್ ಇದೆ, ಕತ್ತರಿಸಿ ನುಡಿಸೋಕೆ ಒಂದು ಸ್ವಿಚ್ ಇದೆ. ಇದು ಬೆಲ್ಟ್ ಯಂತ್ರ. ಕೈ ಪಳಗಿಸೋಕೆ ಪರವಾಗಿಲ್ಲ, ಎರಡು ಹಾಡು ಜೋಡಿಸುವ ಕೆಲಸಕ್ಕೆ ಅಲ್ಲ.

ಇದೇ ದರದಲ್ಲಿ ಸೂಟ್‌ಕೇಸ್ ಆಕಾರದ, ಬಣ್ಣಬಣ್ಣದ ‘ವಿಂಟೇಜ್’ ಪ್ಲೇಯರ್‌ಗಳೂ ಕಣ್ಣಿಗೆ ಬೀಳುತ್ತವೆ. ಡಿಜೆ ಕೆಲಸಕ್ಕೆ ಅವುಗಳ ಹತ್ತಿರ ಹೋಗಬೇಡಿ. ತೂಕ ಹೊಂದಿಸುವ ತಿರುಪೇ ಅದರಲ್ಲಿ ಇರಲ್ಲ, ವೇಗ ಬದಲಿಸುವ ಪಟ್ಟಿ ಇರಲ್ಲ.

*30ರಿಂದ 50 ಸಾವಿರ*

ಇಲ್ಲಿ ದಾರಿ ಎರಡಾಗುತ್ತೆ. ಒಂದು, ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4ನಂತಹ ಕಂಟ್ರೋಲರ್. 2022ರಲ್ಲಿ ಬಂದ ಇದು ರೆಕಾರ್ಡ್‌ಬಾಕ್ಸ್, ಸೆರಾಟೊ ಎರಡರ ಜೊತೆಗೂ ಕೆಲಸ ಮಾಡುತ್ತೆ. ಪಬ್‌ನಲ್ಲಿರುವ ಯಂತ್ರಗಳ ಗುಂಡಿಗಳ ಜೋಡಣೆಗೆ ಹತ್ತಿರ ಇರೋದರಿಂದ ಅಲ್ಲಿ ಹೋದಾಗ ಕೈ ತಡಬಡಾಯಿಸಲ್ಲ.

ಎರಡು, ಒಂದೇ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್. ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್ ಯುಎಸ್‌ಬಿ ಮತ್ತು ಪಯೋನಿಯರ್ ಪಿಎಲ್‌ಎಕ್ಸ್-500 ಈ ವರ್ಗದವು. ಎರಡರಲ್ಲೂ ಒಳಗೇ ಫೋನೋ ಪ್ರೀಆಂಪ್ ಇದೆ, ಯುಎಸ್‌ಬಿ ಇದೆ. ಎಲ್‌ಪಿ120ಎಕ್ಸ್‌ನ ಮೋಟಾರಿನ ಎಳೆತ ಕಮ್ಮಿ. ಹಾಡು ಜೋಡಿಸೋಕೆ, ಕೇಳೋಕೆ ಚೆನ್ನ, ಜೋರು ಸ್ಕ್ರ್ಯಾಚ್‌ಗೆ ಸೋಲುತ್ತೆ. ಪಿಎಲ್‌ಎಕ್ಸ್-500 ಈ ವಿಷಯದಲ್ಲಿ ಸ್ವಲ್ಪ ಗಟ್ಟಿ.

*75 ಸಾವಿರದಿಂದ 1.20 ಲಕ್ಷ*

ಎರಡು ಟರ್ನ್‌ಟೇಬಲ್‌ನ ಪೂರ್ತಿ ಸೆಟ್ಟು ಶುರುವಾಗೋದು ಇಲ್ಲಿಂದ. ಲೆಕ್ಕ ಹೀಗೆ:

- ಶುರುವಾತಿನ ಎರಡು ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್: 60-80 ಸಾವಿರ
- ಫೋನೋ ಇನ್‌ಪುಟ್ ಇರುವ ಎರಡು ಚಾನೆಲ್ ಮಿಕ್ಸರ್: 10-20 ಸಾವಿರ
- ಡಿಜೆ ಕಾರ್ಟ್ರಿಡ್ಜ್ ಎರಡು (ಪೆಟ್ಟಿಗೆಯಲ್ಲೇ ಬಂದರೆ ಸದ್ಯಕ್ಕೆ ಬೇಡ): 0-12 ಸಾವಿರ
- ಹೆಡ್‌ಫೋನ್: 3-5 ಸಾವಿರ
- ಸ್ಲಿಪ್‌ಮ್ಯಾಟ್, ಕೇಬಲ್, ಬ್ರಷ್: 2-3 ಸಾವಿರ

ಇದರ ಮೇಲಿನ ವರ್ಗದಲ್ಲಿ ಪಯೋನಿಯರ್ ಪಿಎಲ್‌ಎಕ್ಸ್-1000, ರೀಲೂಪ್ ಆರ್‌ಪಿ-7000 ಬರುತ್ತವೆ. ಟೆಕ್ನಿಕ್ಸ್ 2010ರಲ್ಲಿ ಎಸ್‌ಎಲ್-1200 ತಯಾರಿಕೆ ನಿಲ್ಲಿಸಿ 2016ರಲ್ಲಿ ಮತ್ತೆ ಶುರು ಮಾಡಿತು. ಡಿಜೆಗಳಿಗೆಂದೇ 2019ರಲ್ಲಿ ಬಂದ ‘ಮಾರ್ಕ್ 7’ ಈಗ ನಮ್ಮಲ್ಲಿ ಒಂದಕ್ಕೇ ಲಕ್ಷದ ಆಚೆ ಹೋಗುತ್ತೆ. ಕಲಿಯುವವರಿಗೆ ಅದರ ಅಗತ್ಯ ಇಲ್ಲ.

50 ಸಾವಿರದಲ್ಲಿ ಎರಡು ಟರ್ನ್‌ಟೇಬಲ್‌ನ ಪಾಠ: ಒಂದು ಉಪಾಯ

ಎರಡನೇ ಟರ್ನ್‌ಟೇಬಲ್‌ಗೆ ದುಡ್ಡಿಲ್ಲ ಅಂತ ಕಲಿಕೆ ನಿಲ್ಲಬೇಕಿಲ್ಲ. ಒಂದು ಟರ್ನ್‌ಟೇಬಲ್ ಮತ್ತು ಒಂದು ಸಣ್ಣ ಮಿಕ್ಸರ್ ತಗೊಳ್ಳಿ. ಮಿಕ್ಸರ್‌ನ ಮೊದಲ ಚಾನೆಲ್‌ಗೆ ಟರ್ನ್‌ಟೇಬಲ್, ಎರಡನೇ ಚಾನೆಲ್‌ನ ಲೈನ್ ಇನ್‌ಪುಟ್‌ಗೆ ಮೊಬೈಲ್ ಅಥವಾ ಲ್ಯಾಪ್‌ಟಾಪ್. ಮೊಬೈಲ್‌ನಲ್ಲಿ ಒಂದು ಹಾಡು ಓಡುತ್ತಿರಲಿ. ಪ್ಲೇಟಿನ ಹಾಡನ್ನ ಹೆಡ್‌ಫೋನ್‌ನಲ್ಲಿ ಕೇಳಿಕೊಂಡು, ವೇಗ ಹೊಂದಿಸಿ, ತಾಳಕ್ಕೆ ತಾಳ ಕೂಡಿಸಿ ಬಿಡೋದನ್ನ ಅಭ್ಯಾಸ ಮಾಡಿ. ಡಿಜೆ ಕೆಲಸದ ಮುಖ್ಯ ಪಾಠ ಇದೇ. ಎರಡನೇ ಯಂತ್ರ ಆರು ತಿಂಗಳೋ ವರ್ಷವೋ ಬಿಟ್ಟು ತಂದರೂ ನಡೆಯುತ್ತೆ. ಆಗ ಅದೇ ಮಾಡೆಲ್ ತಂದರೆ ಎರಡೂ ಕೈಗೆ ಒಂದೇ ಥರ ಸಿಗುತ್ತವೆ.

ಕೊಳ್ಳುವಾಗ ನೋಡಬೇಕಾದ್ದು ಏನು?

ಡೈರೆಕ್ಟ್ ಡ್ರೈವ್. ಇದರಲ್ಲಿ ರಾಜಿ ಬೇಡ. ಬೆಲ್ಟ್ ಯಂತ್ರದಲ್ಲಿ ತಟ್ಟೆಯನ್ನ ಹಿಡಿದು ಬಿಟ್ಟರೆ ಬೆಲ್ಟ್ ಜಾರುತ್ತೆ, ವೇಗ ಹಿಡಿಯೋಕೆ ತಡ ಆಗುತ್ತೆ, ಕ್ರಮೇಣ ಸಡಿಲ ಆಗುತ್ತೆ.

ಟಾರ್ಕ್, ಅಂದ್ರೆ ಎಳೆತದ ಬಲ. ಹಳೇ ಟೆಕ್ನಿಕ್ಸ್ ಮಾರ್ಕ್ 2ರ ಟಾರ್ಕ್ 1.5 ಕೆಜಿ-ಸೆಂ.ಮೀ. ದಶಕಗಳ ಕಾಲ ಡಿಜೆಗಳು ಅಷ್ಟರಲ್ಲೇ ನುಡಿಸಿದರು. ಇವತ್ತಿನ ಪಿಎಲ್‌ಎಕ್ಸ್-1000ದಲ್ಲಿ ಅದು 4.5. ಒಂದೂವರೆ ಇದ್ದರೆ ಕಲಿಯೋಕೆ ಸಾಕು. ಬರೀ ನಂಬರ್ ನೋಡಿ ಹೆಚ್ಚು ದುಡ್ಡು ಸುರಿಯಬೇಡಿ.

ಪಿಚ್ ಪಟ್ಟಿ. ಹಾಡಿನ ವೇಗವನ್ನ ಏರಿಸಿ ಇಳಿಸುವ ಉದ್ದನೆ ಪಟ್ಟಿ. ಶೇ 8ರಷ್ಟು ಮೇಲೆ-ಕೆಳಗೆ ಹೋದರೆ ಸಾಕು. ನಿಮಿಷಕ್ಕೆ 100 ತಾಳದ ಹಾಡನ್ನ 92ರಿಂದ 108ರವರೆಗೆ ತರಬಹುದು. 120ರ ಹಾಡನ್ನ 126ಕ್ಕೆ ತರಬೇಕಾದರೆ ಪಟ್ಟಿ ಶೇ 5ಕ್ಕೆ ಬರಬೇಕು. ಈ ಲೆಕ್ಕ ಬಾಯಿಪಾಠ ಆದರೆ ಅರ್ಧ ಕೆಲಸ ಮುಗಿದ ಹಾಗೆ.

ತೋಳಿನ ಹಿಂದಿನ ತೂಕ. ತಿರುಗಿಸಿ ಹೊಂದಿಸುವ ಹಾಗಿರಬೇಕು. ಡಿಜೆ ಮುಳ್ಳಿಗೆ ಸಾಮಾನ್ಯವಾಗಿ 3ರಿಂದ 4 ಗ್ರಾಂ ಭಾರ ಬೇಕಾಗುತ್ತೆ, ಮನೆ ಪ್ಲೇಯರ್‌ನ ಮುಳ್ಳಿಗೆ 2 ಗ್ರಾಂ ಆಸುಪಾಸು. ಮುಳ್ಳು ಹಾರುತ್ತೆ ಅಂತ ತೋಳಿನ ಮೇಲೆ ನಾಣ್ಯ ಅಂಟಿಸುವ ಅಭ್ಯಾಸ ಕೆಲವರಿಗಿದೆ. ಅದರಿಂದ ಮುಳ್ಳೂ ಹಾಳು, ಪ್ಲೇಟೂ ಹಾಳು. ಕಾರ್ಟ್ರಿಡ್ಜ್ ಜೊತೆ ಬರುವ ಚೀಟಿಯಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತೆ, ಅಷ್ಟೇ ಇಡಿ.

ಫೋನೋ ಮತ್ತು ಲೈನ್ ಸ್ವಿಚ್. ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದನ್ನ ಎತ್ತರಿಸಿ ಬಾಸ್ ಸರಿಪಡಿಸುವ ಕೆಲಸ ಫೋನೋ ಪ್ರೀಆಂಪ್‌ನದು. ಟರ್ನ್‌ಟೇಬಲ್‌ನಲ್ಲಿ ಇಲ್ಲದಿದ್ದರೆ ಮಿಕ್ಸರ್‌ನಲ್ಲಿ ಇರಬೇಕು. ಎರಡೂ ಕಡೆ ಇಲ್ಲದೆ ನೇರ ಆಕ್ಸ್‌ಗೆ ಚುಚ್ಚಿದರೆ ತಗಡು ಬಡಿದ ಹಾಗೆ ಕ್ಷೀಣ ಸದ್ದು ಬರುತ್ತೆ. ಎರಡೂ ಕಡೆ ಆನ್ ಆಗಿದ್ದರೆ ಸದ್ದು ಒಡೆಯುತ್ತೆ. ಹೊಸಬರು ‘ಪೀಸ್ ಡಿಫೆಕ್ಟ್’ ಅಂತ ವಾಪಸ್ ಕಳಿಸೋಕೆ ಹೋಗುವ ಎಷ್ಟೋ ಸಲ ಈ ಸ್ವಿಚ್ಚೇ ಕಾರಣ ಆಗಿರುತ್ತೆ.

ವೋಲ್ಟೇಜ್. ನಮ್ಮ ಮನೆ ಕರೆಂಟು 230 ವೋಲ್ಟ್, 50 ಹರ್ಟ್ಸ್. ಜಪಾನಿನ ಒಳಮಾರುಕಟ್ಟೆಯ ಯಂತ್ರಗಳು 100 ವೋಲ್ಟ್‌ನವು, ಅಮೆರಿಕದವು 120. ಯಾರೋ ಫಾರಿನ್‌ನಿಂದ ತಂದದ್ದನ್ನ ನೇರ ಪ್ಲಗ್‌ಗೆ ಹಾಕಿದರೆ ಸುಟ್ಟುಹೋಗಬಹುದು. ಹಿಂಬದಿಯ ಚೀಟಿ ಓದದೆ ಸ್ವಿಚ್ ಹಾಕಬೇಡಿ.

ಸೆಕೆಂಡ್ ಹ್ಯಾಂಡ್: ಎಲ್ಲಿ, ಹೇಗೆ, ಎಷ್ಟು ಹುಷಾರು?

ಬಜೆಟ್ ಸಣ್ಣದಿದ್ದವರಿಗೆ ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ. ಡೈರೆಕ್ಟ್ ಡ್ರೈವ್ ಯಂತ್ರಗಳು ಗಟ್ಟಿ, ಚೆನ್ನಾಗಿ ಇಟ್ಟುಕೊಂಡಿದ್ದರೆ ದಶಕಗಟ್ಟಲೆ ಬಾಳುತ್ತವೆ. ಉತ್ಸಾಹದಲ್ಲಿ ಕೊಂಡು ಒಂದು ವರ್ಷಕ್ಕೆ ಮಾರುವವರು, ಬೆಂಗಳೂರು ಬಿಟ್ಟು ಬೇರೆ ಊರಿಗೆ ಹೋಗುವ ಟೆಕಿಗಳು ಆನ್‌ಲೈನ್‌ನಲ್ಲಿ ಹಾಕುತ್ತಿರುತ್ತಾರೆ. ಮಾರುವವರ ಮನೆಗೇ ಹೋಗಿ, ಹಗಲು ಹೊತ್ತಲ್ಲಿ, ಒಬ್ಬರನ್ನ ಜೊತೆಗೆ ಕರ್ಕೊಂಡು ನೋಡೋದು ಒಳ್ಳೇದು. ನಿಮ್ಮದೇ ಒಂದು ಪ್ಲೇಟು, ಹೆಡ್‌ಫೋನ್ ಜೊತೆಗಿರಲಿ. ಪರೀಕ್ಷೆ ಈ ಕ್ರಮದಲ್ಲಿ:

1. ಸ್ವಿಚ್ ಹಾಕಿ. ತಟ್ಟೆ ಒಂದು-ಒಂದೂವರೆ ಸೆಕೆಂಡ್ ಒಳಗೆ ಪೂರ್ತಿ ವೇಗಕ್ಕೆ ಬರಬೇಕು. ಸ್ಟಾಪ್ ಒತ್ತಿದರೆ ಬೇಗ ನಿಲ್ಲಬೇಕು, ಹಿಂದಕ್ಕೆ ಜಾಸ್ತಿ ತಿರುಗಬಾರದು.
2. ತಟ್ಟೆಯ ಅಂಚಿನ ಚುಕ್ಕೆಗಳನ್ನ ಕೆಂಪು ಲೈಟಿನಲ್ಲಿ ನೋಡಿ. ಪಿಚ್ ಸೊನ್ನೆಯಲ್ಲಿದ್ದಾಗ ಸಂಬಂಧಪಟ್ಟ ಸಾಲಿನ ಚುಕ್ಕೆ ನಿಂತ ಹಾಗೆ ಕಾಣಬೇಕು. ಓಡುತ್ತಿದ್ದರೆ ವೇಗ ತಪ್ಪಿದೆ ಅಂತ ಅರ್ಥ. ಮೊಬೈಲ್‌ನಲ್ಲಿ ಆರ್‌ಪಿಎಂ ಅಳೆಯುವ ಆ್ಯಪ್ ಕೂಡ ಇದೆ. 33ರಲ್ಲಿ ಇಟ್ಟಾಗ 33.3 ಆಸುಪಾಸು ತೋರಿಸಬೇಕು.
3. ಪಿಚ್ ಪಟ್ಟಿಯನ್ನ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಎಳೆಯಿರಿ. ವೇಗ ನಡುವೆ ಜಿಗಿದರೆ ಒಳಗೆ ಧೂಳು ಅಥವಾ ಸವೆತ.
4. ತೋಳನ್ನ ಬೆರಳ ತುದಿಯಲ್ಲಿ ಮೆಲ್ಲಗೆ ಆಡಿಸಿ. ಬುಡದಲ್ಲಿ ‘ಟಕ್’ ಅಂತ ಸಡಿಲ ಇದ್ದರೆ ಬೇರಿಂಗ್ ಹೋಗಿದೆ. ಆ ಪೀಸ್ ಬಿಟ್ಟುಬಿಡಿ, ಆ ರಿಪೇರಿ ಸುಲಭ ಅಲ್ಲ.
5. ಪ್ಲೇಟು ಹಾಕಿ ಎಡ-ಬಲ ಎರಡೂ ಕಿವಿಗೆ ಸದ್ದು ಬರುತ್ತಾ ನೋಡಿ. ಒಂದೇ ಕಡೆ ಬಂದರೆ ಕೇಬಲ್ಲೋ ಕಾರ್ಟ್ರಿಡ್ಜೋ ಹೋಗಿರುತ್ತೆ. ಇದು ಸಣ್ಣ ರಿಪೇರಿ, ಬೆಲೆ ಇಳಿಸೋಕೆ ಒಳ್ಳೆಯ ಕಾರಣ.
6. ‘ಗುಂಯ್’ ಅಂತ ಸದ್ದು ಬಂದರೆ ಅರ್ತ್ ವೈರ್ ಮಿಕ್ಸರ್‌ಗೆ ಸಿಕ್ಕಿಸಿದೆಯಾ ನೋಡಿ. ಇದು ದೋಷವೇ ಅಲ್ಲ, ಬಹಳ ಸಲ ತಿರುಪು ಸಡಿಲ ಅಷ್ಟೆ.
7. ಮುಳ್ಳು ಹೊಸದು ಅಂತ ಹೇಳಿದರೂ ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಮುಳ್ಳಿನ ಆಯಸ್ಸು ಸಾಮಾನ್ಯವಾಗಿ 500ರಿಂದ 1,000 ಗಂಟೆ. ಎಷ್ಟು ಓಡಿದೆ ಅಂತ ಕಣ್ಣಲ್ಲಿ ಹೇಳೋಕೆ ಆಗಲ್ಲ.

ಹಣದ ವಿಷಯದಲ್ಲಿ ಒಂದು ಮಾತು. ‘ನಾನು ಸೈನ್ಯದಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟಾಗಿ ಮಾರ್ತಿದ್ದೀನಿ, ಅಡ್ವಾನ್ಸ್ ಹಾಕಿದರೆ ಪಾರ್ಸೆಲ್ ಕಳಿಸ್ತೀನಿ’ ಅನ್ನುವುದು ಹಳೇ ಮೋಸದ ಮಾತು. ಹಲಸೂರು ಕೆರೆ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರ ಇರೋದರಿಂದ ಈ ಭಾಗದವರು ಇಂಥ ಮಾತನ್ನ ಬೇಗ ನಂಬಿಬಿಡುವ ಅಪಾಯ ಇದೆ. ಯೂನಿಫಾರ್ಮ್ ಫೋಟೊ, ಐಡಿ ಕಾರ್ಡ್ ಕಳಿಸಿದರೂ ಅಷ್ಟೆ. ಸಾಮಾನು ಕಣ್ಣಿಗೆ ಕಾಣದೆ ದುಡ್ಡು ಕೊಡಬೇಡಿ. ನೀವು ಮಾರುವಾಗಲೂ ನೆನಪಿರಲಿ: ದುಡ್ಡು ಪಡೆಯೋಕೆ ಕ್ಯೂಆರ್ ಸ್ಕ್ಯಾನ್ ಮಾಡೋದಾಗಲಿ ಯುಪಿಐ ಪಿನ್ ಹಾಕೋದಾಗಲಿ ಬೇಕಿಲ್ಲ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ತಡ ಮಾಡಿದಷ್ಟೂ ಹಣ ಸಿಗುವ ಆಸೆ ಕಮ್ಮಿ. ಅಂಗಡಿಯಲ್ಲಿ ಹೊಸದು ಕೊಂಡರೆ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ವಾರಂಟಿ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಗುಜರಿ, ಆ್ಯಂಟಿಕ್ ಅಂಗಡಿ ಮಾಲು ನಡೆಯುತ್ತಾ?

ಶಿವಾಜಿನಗರದ ಕಡೆ ಹಳೇ ಸಾಮಾನಿನ ಅಂಗಡಿಗಳಲ್ಲಿ ಕಣ್ಣಾಡಿಸುವವರಿಗೆ ಹಳೇ ಎಚ್‌ಎಂವಿ, ಫಿಲಿಪ್ಸ್ ಪ್ಲೇಯರ್ ಸಿಕ್ಕರೂ ಸಿಗಬಹುದು. ಶೋಕೇಸ್‌ಗೆ, ಮನೆಯಲ್ಲಿ ಹಾಡು ಕೇಳೋಕೆ ಚೆನ್ನ. ಡಿಜೆ ಕೆಲಸಕ್ಕೆ ಅಲ್ಲ. ಹಿತ್ತಾಳೆ ಕೊಳವೆ ಹೊಳೆಯುವ ‘ಬ್ರಿಟಿಷರ ಕಾಲದ’ ಗ್ರಾಮಫೋನ್‌ಗಳಲ್ಲಿ ಹಲವು ಈಚೆಗೆ ಜೋಡಿಸಿದವು. ಅವುಗಳ ದಪ್ಪ ಕಬ್ಬಿಣದ ಮುಳ್ಳಿಗೆ ಎಲ್‌ಪಿ ಹಾಕಿದರೆ ಒಂದೇ ಸಲಕ್ಕೆ ಪ್ಲೇಟು ಹಾಳು.

ಕೇಬಲ್, ಅಡಾಪ್ಟರ್, ಆರ್‌ಸಿಎ ಪಿನ್, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾದರೆ ಎಸ್‌.ಪಿ. ರೋಡ್‌ಗೆ ಹೋಗಬೇಕು. ಕೆ.ಆರ್. ಪುರ, ಇಂದಿರಾನಗರ, ಹಲಸೂರಿನವರು ನೇರಳೆ ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗಬಹುದು. ಬೈಯಪ್ಪನಹಳ್ಳಿ-ಕೆ.ಆರ್. ಪುರ ನಡುವಿನ ಮೆಟ್ರೊ 2023ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಕೂರುವ ಕಷ್ಟ ತಪ್ಪಿದೆ.

ಮನೆಗೆ ತರುವಾಗ

ಟರ್ನ್‌ಟೇಬಲ್ ಹಾಳಾಗೋದು ನುಡಿಸುವಾಗಕ್ಕಿಂತ ಸಾಗಿಸುವಾಗ. ಹಳೇ ಮದ್ರಾಸು ರಸ್ತೆಯ ಗುಂಡಿಗಳಲ್ಲಿ ಆಟೊ ಕುಣಿದರೆ ತೋಳಿನ ಬೇರಿಂಗ್‌ಗೆ ಪೆಟ್ಟು. ಹಿಂದಿನ ತೂಕ ಬಿಚ್ಚಿ, ಕಾರ್ಟ್ರಿಡ್ಜ್ ಬಿಚ್ಚಿ, ತಟ್ಟೆ ಎತ್ತಿ ಬೇರೆ ಬಟ್ಟೆಯಲ್ಲಿ ಸುತ್ತಿ, ತೋಳನ್ನ ಅದರ ಕೊಕ್ಕೆಗೆ ಹಾಕಿ ಮೆತ್ತಗೆ ಕಟ್ಟಿ. ಹಳೇ ಟೆಕ್ನಿಕ್ಸ್ ಆದರೆ ಒಂದೊಂದೂ 12 ಕೆಜಿ ಆಸುಪಾಸು. ಬೈಕ್ ಹಿಂದೆ ಕೂತು ತೊಡೆ ಮೇಲೆ ಇಟ್ಟುಕೊಂಡು ತರುವ ಸಾಹಸ ಬೇಡ.

ಮನೆಯಲ್ಲಿ ಇಡುವ ಮೇಜು ಅಲ್ಲಾಡಬಾರದು. ಪ್ಲಾಸ್ಟಿಕ್ ಟೇಬಲ್ ಮೇಲೆ ಇಟ್ಟರೆ ನಡೆದಾಡಿದಾಗಲೂ ಮುಳ್ಳು ಹಾರುತ್ತೆ. ಕಡಪಾ ಕಲ್ಲಿನ ಒಂದು ತುಂಡನ್ನ ಮೇಜಿನ ಮೇಲೆ ಹಾಕಿ, ಕೆಳಗೆ ರಬ್ಬರ್ ತುಂಡುಗಳನ್ನ ಕೊಟ್ಟರೆ ಅಲ್ಲಾಟ ತುಂಬಾ ಕಮ್ಮಿ ಆಗುತ್ತೆ. ಸ್ಪೀಕರನ್ನ ಅದೇ ಮೇಜಿನ ಮೇಲೆ ಇಡಬೇಡಿ. ರಸ್ತೆ ಬದಿಯ ಮನೆಯಾದರೆ ಧೂಳಿನ ಕಾಟ ಇದ್ದೇ ಇರುತ್ತೆ, ಮುಚ್ಚಳ ಹಾಕಿಡಿ, ಪ್ಲೇಟು ಹಾಕುವ ಮುಂಚೆ ಕಾರ್ಬನ್ ಫೈಬರ್ ಬ್ರಷ್ ಒಮ್ಮೆ ಆಡಿಸಿ.

ನುಡಿಸೋಕೆ ಪ್ಲೇಟು ಎಲ್ಲಿಂದ?

ಬಹಳ ಜನ ಲೆಕ್ಕಕ್ಕೆ ಹಿಡಿಯದ ಖರ್ಚು ಇದು. ಹೊಸ ಎಲ್‌ಪಿ ಒಂದಕ್ಕೆ ಎರಡು ಸಾವಿರ ದಾಟೋದು ಮಾಮೂಲು. ಹತ್ತು ಪ್ಲೇಟಿಗೆ ಇನ್ನೊಂದು ಕಂಟ್ರೋಲರ್‌ನ ದುಡ್ಡು ಹೋಯಿತು. ಇದಕ್ಕೆ ಪರಿಹಾರ ‘ಟೈಮ್‌ಕೋಡ್’ ಪ್ಲೇಟು. ಅದರಲ್ಲಿ ಹಾಡು ಇರಲ್ಲ, ಒಂದೇ ಸಮನೆ ಕೂಗುವ ಸಂಕೇತ ಇರುತ್ತೆ. ಪ್ಲೇಟಿನ ಯಾವ ಜಾಗದಲ್ಲಿ ಮುಳ್ಳಿದೆ, ಎಷ್ಟು ವೇಗದಲ್ಲಿ, ಮುಂದಕ್ಕೋ ಹಿಂದಕ್ಕೋ ಅಂತ ಲ್ಯಾಪ್‌ಟಾಪ್ ಅದರಿಂದ ಓದಿಕೊಂಡು, ನಿಮ್ಮ ಹತ್ತಿರ ಇರುವ ಯಾವುದೇ ಹಾಡಿನ ಫೈಲನ್ನ ಹಾಗೆಯೇ ಓಡಿಸುತ್ತೆ. ಸೆರಾಟೊ, ಟ್ರ್ಯಾಕ್ಟರ್, ರೆಕಾರ್ಡ್‌ಬಾಕ್ಸ್ ಈ ಸೌಲಭ್ಯಕ್ಕೆ ದುಡ್ಡು ಕೇಳುತ್ತವೆ. ಮೇಲೆ ಹೇಳಿದ ಉಚಿತ ತಂತ್ರಾಂಶದಲ್ಲೂ ಇದು ಇದೆ. ಒಂದು ಜೊತೆ ಟೈಮ್‌ಕೋಡ್ ಪ್ಲೇಟು, ತಕ್ಕ ಸೌಂಡ್ ಕಾರ್ಡ್ ಇದ್ದರೆ ನಿಮ್ಮ ಕನ್ನಡ ಹಾಡುಗಳ ಫೋಲ್ಡರ್ ಪೂರ್ತಿ ಪ್ಲೇಟಿನ ಮೇಲೆ ಬಂದ ಹಾಗೆ.

ಕನ್ನಡ ಹಾಡಿನ ವಿಷಯದಲ್ಲಿ ಇನ್ನೊಂದು ಮಾತು. ಹಳೇ ಚಿತ್ರಗೀತೆಗಳನ್ನ ವಾದ್ಯಗೋಷ್ಠಿ ಕೂರಿಸಿ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡುತ್ತಿದ್ದರು. ಹಾಗಾಗಿ ತಾಳದ ವೇಗ ಪಲ್ಲವಿಯಿಂದ ಚರಣಕ್ಕೆ ಕೂದಲೆಳೆ ಹೆಚ್ಚು-ಕಮ್ಮಿ ಆಗುತ್ತೆ. ಕಂಪ್ಯೂಟರ್‌ನ ‘ಸಿಂಕ್’ ಗುಂಡಿ ಇಲ್ಲಿ ಎಡವುತ್ತೆ. ಕಿವಿಯಿಂದ ಕೇಳಿ ಬೆರಳಿಂದ ತಟ್ಟೆಯನ್ನ ಸ್ವಲ್ಪ ತಳ್ಳಿ-ತಡೆದು ಸರಿಪಡಿಸಲು ಬರುವವರು ಮಾತ್ರ ಇವನ್ನ ಇವತ್ತಿನ ಬೀಟ್ ಜೊತೆ ಕೂಡಿಸಬಲ್ಲರು. ಟರ್ನ್‌ಟೇಬಲ್‌ನಲ್ಲಿ ಕಲಿತದ್ದು ಕೆಲಸಕ್ಕೆ ಬರೋದು ಇಂಥ ಕಡೆ.

ಮನೆಯಲ್ಲಿ ತಾತನ ಕಾಲದ ಪ್ಲೇಟುಗಳಿದ್ದರೆ? ಅವುಗಳ ಮೇಲೆ ಮಾತ್ರ ಸ್ಕ್ರ್ಯಾಚ್ ಕಲಿಯಬೇಡಿ. ಸಣ್ಣ 45ರ ಇಪಿಗಳು, ದೊಡ್ಡ ಎಲ್‌ಪಿಗಳು ಎಷ್ಟೋ ಮತ್ತೆ ಅಚ್ಚಾಗಿಲ್ಲ. ಒಂದು ಸಲ ಗೀರು ಬಿದ್ದರೆ ಆ ಹಾಡು ಆ ಮನೆಯಿಂದ ಹೋದ ಹಾಗೇ. ಅರಗಿನ 78ರ ಪ್ಲೇಟುಗಳ ಗೆರೆ ಇನ್ನೂ ಅಗಲ, ಅವಕ್ಕೆ ಬೇರೆ ದಪ್ಪ ಮುಳ್ಳು ಬೇಕು. ಯುಎಸ್‌ಬಿ ಇರುವ ಟರ್ನ್‌ಟೇಬಲ್ ತಂದರೆ ಮೊದಲು ಮನೆಯ ಪ್ಲೇಟುಗಳನ್ನ ಒಂದೊಂದಾಗಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ‘ಯಾಕೆ ಬೇಕು’ ಅಂತ ಕೇಳಿದ ಮನೆಯವರೂ ಆಗ ಬಂದು ಪಕ್ಕದಲ್ಲಿ ಕೂರುವ ಸಾಧ್ಯತೆ ಇದೆ.

ಅಕ್ಕಪಕ್ಕದವರು ಮತ್ತು ಕಾನೂನು

ಒಂದೇ ಗೋಡೆ ಹಂಚಿಕೊಂಡ ವಠಾರ, ಬಾಡಿಗೆ ಮನೆಗಳಲ್ಲಿ ಸ್ಪೀಕರ್ ಹಾಕಿ ಅಭ್ಯಾಸ ಮಾಡಿದರೆ ಓನರ್ ಮನೆ ಖಾಲಿ ಮಾಡಿಸ್ತಾರೆ. ಹೆಡ್‌ಫೋನ್‌ನಲ್ಲೇ ಅಭ್ಯಾಸ ಮಾಡಿ. ಕಿವಿಯೂ ಮುಖ್ಯ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆವರೆಗೆ ಕೇಳಬಹುದು. ಸದ್ದು ಏರಿದಷ್ಟೂ ಆ ಸಮಯ ಬೇಗ ಇಳಿಯುತ್ತೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕು. ಮದುವೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ನುಡಿಸೋಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಪಬ್, ಹೋಟೆಲ್, ಟಿಕೆಟ್ ಇಟ್ಟ ಕಾರ್ಯಕ್ರಮಗಳಿಗೆ ಆ ವಿನಾಯಿತಿ ಇಲ್ಲ. ಲೈಸೆನ್ಸ್ ಯಾರ ಜವಾಬ್ದಾರಿ ಅಂತ ಕಾರ್ಯಕ್ರಮ ಒಪ್ಪಿಕೊಳ್ಳುವ ಮುಂಚೆಯೇ ಬರಹದಲ್ಲಿ ಮಾಡಿಕೊಳ್ಳಿ.

ಸಾಮಾನ್ಯ ಪ್ರಶ್ನೆಗಳು

*ಇಎಂಐನಲ್ಲಿ ತಗೊಳ್ಳಬಹುದಾ?*
ಡಿಜೆ ಕೆಲಸದಿಂದಲೇ ಕಂತು ಕಟ್ಟುತ್ತೇನೆ ಅನ್ನುವ ಲೆಕ್ಕದಲ್ಲಿ ಬೇಡ. ಮೊದಲ ವರ್ಷ ಕಲಿಕೆಯೇ ಆಗುತ್ತೆ. ಸಂಬಳದಿಂದ ಕಟ್ಟೋಕೆ ಆಗುತ್ತೆ ಅಂದ್ರೆ ಮಾತ್ರ. ‘ನೋ ಕಾಸ್ಟ್’ ಅಂತ ಇದ್ದರೂ ಪ್ರೊಸೆಸಿಂಗ್ ಶುಲ್ಕ ನೋಡಿ.

*ಕಂಟ್ರೋಲರ್‌ನಲ್ಲಿ ಕಲಿತರೆ ಆಮೇಲೆ ಟರ್ನ್‌ಟೇಬಲ್ ಬರುತ್ತಾ?*
ಹಾಡಿನ ಆಯ್ಕೆ, ಎಣಿಕೆ, ಮಿಕ್ಸರ್ ಕೈಚಳಕ ಎಲ್ಲ ಹಾಗೇ ಬರುತ್ತೆ. ಸಿಂಕ್ ಗುಂಡಿ ಮುಟ್ಟದೆ ಕಲಿತಿದ್ದರೆ ಇನ್ನೂ ಸುಲಭ. ಮುಳ್ಳು ಇಡುವ, ಪ್ಲೇಟು ಬಿಡುವ ಕೈ ಮಾತ್ರ ಹೊಸದಾಗಿ ಪಳಗಬೇಕು.

*ಬೆಲ್ಟ್ ಟರ್ನ್‌ಟೇಬಲ್ ಈಗಾಗಲೇ ಮನೆಯಲ್ಲಿದೆ, ನಡೆಯುತ್ತಾ?*
ಹಾಡು ಕೇಳೋಕೆ, ಪ್ಲೇಟನ್ನ ಕಂಪ್ಯೂಟರ್‌ಗೆ ಇಳಿಸೋಕೆ ನಡೆಯುತ್ತೆ. ತಟ್ಟೆ ಹಿಡಿದು ನಿಲ್ಲಿಸಬೇಡಿ.

*40 ಸಾವಿರ ಮಾತ್ರ ಇದೆ, ಒಂದೇ ಮಾತಲ್ಲಿ ಹೇಳಿ.*
ನುಡಿಸಿ ಸಂಪಾದಿಸೋಕೆ ಅಂದ್ರೆ ಕಂಟ್ರೋಲರ್ ಮತ್ತು ಒಳ್ಳೆಯ ಹೆಡ್‌ಫೋನ್. ಸ್ಕ್ರ್ಯಾಚ್ ಅಂದ್ರೆ ಪರೀಕ್ಷೆ ಮಾಡಿ ತಂದ ಒಂದು ಸೆಕೆಂಡ್ ಹ್ಯಾಂಡ್ ಡೈರೆಕ್ಟ್ ಡ್ರೈವ್ ಮತ್ತು ಸಣ್ಣ ಮಿಕ್ಸರ್. ಎರಡು ಅಗ್ಗದ ಬೆಲ್ಟ್ ಯಂತ್ರ ಮಾತ್ರ ಬೇಡವೇ ಬೇಡ.

ಜೇಬಲ್ಲಿ ಇಟ್ಟುಕೊಳ್ಳಿ

- ಡೈರೆಕ್ಟ್ ಡ್ರೈವ್ ಹೌದಾ?
- 230 ವೋಲ್ಟ್‌ಗೆ ನಡೆಯುತ್ತಾ?
- ಪಿಚ್ ಪಟ್ಟಿ ಜಿಗಿಯದೆ ಓಡುತ್ತಾ?
- ತೋಳಿನ ಬುಡ ಗಟ್ಟಿ ಇದೆಯಾ?
- ಎರಡೂ ಕಿವಿಗೆ ಸದ್ದು ಬರುತ್ತಾ?
- ಫೋನೋ ಪ್ರೀಆಂಪ್ ಎಲ್ಲಿದೆ?
- ಮುಳ್ಳು, ಮಿಕ್ಸರ್, ಹೆಡ್‌ಫೋನ್ ಸೇರಿ ಒಟ್ಟು ಎಷ್ಟಾಯಿತು?

ಕೊನೆಯ ಪ್ರಶ್ನೆಗೆ ಉತ್ತರ ಕೈಯಲ್ಲಿರುವ ದುಡ್ಡಿನ ಒಳಗೆ ಬಂದರೆ ಮಾತ್ರ ದುಡ್ಡು ಕೊಡಿ. ಬರದಿದ್ದರೆ ಇನ್ನೆರಡು ತಿಂಗಳು ಲ್ಯಾಪ್‌ಟಾಪ್‌ನಲ್ಲೇ ಅಭ್ಯಾಸ ಮುಂದುವರಿಸಿ. ಯಂತ್ರ ಮಾರುಕಟ್ಟೆಯಲ್ಲೇ ಇರುತ್ತೆ, ಅಷ್ಟರಲ್ಲಿ ಕಿವಿ ಪಳಗಿರುತ್ತೆ.